ಆ ಡ್ರಿಪ್ ಅಲಾರಂ ಎಲ್ಲಿ ಹೋಯಿತು?

ಓದುಗರ ಪತ್ರ: ನಾನು ಕುಂದಾಪುರದವಳು. 31 ವರ್ಷ ಸ್ಟಾಫ್ ನರ್ಸ್ ಆಗಿದ್ದೆ, ಈಗ ನಿವೃತ್ತಿ. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿಗೆ ನಾಲ್ಕು ಮಂದಿ ಇಂಜಿನಿಯರಿಂಗ್ ಹುಡುಗರು ಬಂದಿದ್ದರು. ಗ್ಲೂಕೋಸ್ ಬಾಟ್ಲಿ ಖಾಲಿಯಾಗುವ ಮೊದಲು ಕೂಗುವ ಯಂತ್ರ ಮಾಡಿದ್ದರು. ಎರಡು ದಿನ ಇಟ್ಟರು, ಫೋಟೊ ತೆಗೆದುಕೊಂಡರು, ಹೋದರು. ಬಹುಮಾನ ಬಂತು ಅಂತ ಪೇಪರಿನಲ್ಲಿ ನೋಡಿದೆ. ಹುಡುಗರೂ ಮತ್ತೆ ಬರಲಿಲ್ಲ, ಯಂತ್ರವೂ ಬರಲಿಲ್ಲ. ಈಗ ನನ್ನ ಮೊಮ್ಮಗಳು ಮಣಿಪಾಲದಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ತಂಡವೂ ರೋಗಿಗಳಿಗೆ ಹೊಸ ಸಾಧನ ಮಾಡುತ್ತದಂತೆ. ಇದೆಲ್ಲ ಸುಮ್ನೆ ಮಾರ್ಕಿಗೋಸ್ಕರ ಅಲ್ವಾ? ಅವಳಿಗೆ ನಾನೇನು ಹೇಳಲಿ?

ಸಂಪಾದಕರ ಉತ್ತರ:

ಅಕ್ಕ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿಗಿಂತ ಅದರಲ್ಲಿ ಬೇಸರ ಜಾಸ್ತಿ ಕಂಡಿತು. ಆ ಹುಡುಗರು ಮತ್ತೆ ಬರುತ್ತಾರೆ ಅಂತ ನೀವು ಕಾದಿದ್ದಿರಿ, ಅಲ್ವಾ?

ಮಾರ್ಕಿಗೋಸ್ಕರವೂ ಹೌದು. ಅದರಲ್ಲಿ ತಪ್ಪೇನಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಿಗುವುದು ಏಳೆಂಟು ತಿಂಗಳು. ಅದರೊಳಗೆ ಪರೀಕ್ಷೆ, ಕ್ಯಾಂಪಸ್ ಇಂಟರ್‌ವ್ಯೂ, ವೈವಾ ಅನ್ನುವ ಮೌಖಿಕ ಪರೀಕ್ಷೆ ಎಲ್ಲ ಮುಗಿಯಬೇಕು. ವೈವಾ ಮುಗಿದ ವಾರದಲ್ಲೇ ಹಾಸ್ಟೆಲ್ ಖಾಲಿ ಮಾಡಬೇಕು. ಒಬ್ಬ ಬೆಂಗಳೂರಿಗೆ, ಒಬ್ಬ ಪುಣೆಗೆ, ಇನ್ನೊಬ್ಬಳು ಮುಂದಿನ ಓದಿಗೆ. ಯಂತ್ರ ಕಾಲೇಜಿನ ಕಪಾಟಿಗೆ ಹೋಗುತ್ತದೆ. ಮುಂದಿನ ವರ್ಷ ಇನ್ನೊಂದು ತಂಡ ಅದೇ ಡ್ರಿಪ್ ಅಲಾರಂ ಅನ್ನು ಮೊದಲಿನಿಂದ ಶುರುಮಾಡುತ್ತದೆ. ಕಾಲೇಜುಗಳ ಪ್ರದರ್ಶನಗಳಲ್ಲಿ ಡ್ರಿಪ್ ಅಲಾರಂಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಿಂದಿನ ತಂಡ ಎಲ್ಲಿ ಎಡವಿತ್ತೋ ಹೊಸ ತಂಡವೂ ಅಲ್ಲೇ ಎಡವುತ್ತದೆ. ಹಿಂದಿನವರು ಎಡವಿದ್ದನ್ನು ಯಾರೂ ಬರೆದಿಟ್ಟಿರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಆ ಯಂತ್ರವನ್ನೇ ತೆಗೆದುಕೊಳ್ಳೋಣ. ಕೇಳಲು ಎಷ್ಟು ಸುಲಭ! ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ 20 ಹನಿ ಬಿದ್ದರೆ 1 ಮಿಲಿಲೀಟರ್. ನಿಮಿಷಕ್ಕೆ 20 ಹನಿ ಬಿಟ್ಟರೆ 500 ಮಿಲಿಲೀಟರಿನ ಬಾಟ್ಲಿ ಖಾಲಿಯಾಗಲು 500 ನಿಮಿಷ ಬೇಕು. ರಾತ್ರಿ 10ಕ್ಕೆ ಹಾಕಿದರೆ ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ ಮುಗಿಯಬೇಕು. ಹಾಗೆ ಮುಗಿಯುವುದಿಲ್ಲ ಅಂತ ನಿಮಗೆ ಗೊತ್ತು. ರೋಗಿ ನಿದ್ದೆಯಲ್ಲಿ ಕೈ ಮಡಚಿದರೆ ಹನಿ ನಿಧಾನವಾಗುತ್ತದೆ. ಮಂಚ ಏರಿಸಿದರೆ, ಇಳಿಸಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಗಡಿಯಾರ ನಂಬಿ ಕೂರುವಂತಿಲ್ಲ. ಬಾಟ್ಲಿಯನ್ನೇ ನೋಡಬೇಕು.

ಯಂತ್ರ ಅದನ್ನು ನೋಡಲು ಎರಡು ದಾರಿಗಳಿವೆ. ಬಾಟ್ಲಿಯನ್ನು ತೂಗುಹಾಕಿದ ಕೊಕ್ಕೆಯಲ್ಲಿ ಒಂದು ಲೋಡ್ ಸೆಲ್ ಇಟ್ಟು ತೂಕ ಅಳೆಯಬಹುದು. ಇಲ್ಲವೇ ಹನಿ ಬೀಳುವ ಕೊಳವೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಹನಿ ಎಣಿಸಬಹುದು. ಲ್ಯಾಬಿನಲ್ಲಿ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ವಾರ್ಡಿನಲ್ಲಿ? ರೋಗಿಯ ತಮ್ಮ ಬಾಟ್ಲಿಯನ್ನು ಕೊಕ್ಕೆಯಿಂದ ತೆಗೆದು ಕೈಯಲ್ಲಿ ಎತ್ತಿ ಹಿಡಿದು ಅಣ್ಣನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುತ್ತಾನೆ. ತೂಕ ಸೊನ್ನೆಯಾಯಿತು, ಯಂತ್ರ ಕೂಗಿತು. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ನೇರ ಕೊಳವೆಯ ಮೇಲೆ ಬಿತ್ತು, ಬೆಳಕಿನ ಸೆನ್ಸರ್‌ಗೆ ಗೊಂದಲವಾಯಿತು, ಮತ್ತೆ ಕೂಗಿತು. ಕೊಳವೆಯಲ್ಲಿ ನೀರು ಜಾಸ್ತಿ ತುಂಬಿ ಹನಿ ಬಿಡಿಯಾಗಿ ಬೀಳುತ್ತಿಲ್ಲ, ಆಗಲೂ ಕೂಗಿತು. ಒಂದು ರಾತ್ರಿಯಲ್ಲಿ ಐದು ಸಲ ಸುಳ್ಳು ಕೂಗಿದ ಯಂತ್ರ ಆರನೆಯ ಸಲ ನಿಜ ಹೇಳಿದರೂ ಸಿಸ್ಟರ್ ಓಡಿ ಬರುವುದಿಲ್ಲ. ಇದು ಸಿಸ್ಟರ್ ತಪ್ಪಲ್ಲ. ಐಸಿಯುಗಳಲ್ಲಿ ಇದು ದೊಡ್ಡ ಸಮಸ್ಯೆ. ವೈದ್ಯರು ಇದಕ್ಕೆ ಅಲಾರಂ ಫಟೀಗ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ, ಕೂಗು ಕೇಳಿ ಕೇಳಿ ಕಿವಿ ಮರಗಟ್ಟುವುದು.

ಇನ್ನೂ ಒಂದಿದೆ. ಯಂತ್ರ ಯಾರಿಗೆ ಕೂಗಬೇಕು? ಮಂಚದ ಹತ್ತಿರ ಕೂಗಿದರೆ ಪಕ್ಕದ ಮಂಚದ ಅಜ್ಜಿ ಎಚ್ಚರಾಗುತ್ತಾರೆ. ಸಿಸ್ಟರ್ ಇರುವುದು ವಾರ್ಡಿನ ಆ ಕೊನೆಯಲ್ಲಿ. ಹುಡುಗರು ನಿಮ್ಮನ್ನು ಇದನ್ನು ಕೇಳಿದ್ದರೇ? ಬಾಟ್ಲಿ ಖಾಲಿಯಾದರೆ ನಿಜವಾಗಿ ಏನಾಗುತ್ತದೆ ಅಂತಲಾದರೂ ಕೇಳಿದ್ದರೇ? ರಕ್ತ ಕೊಳವೆಯಲ್ಲಿ ಹಿಂದಕ್ಕೆ ಬರುತ್ತದೆ, ಸೂಜಿಯ ಬಾಯಲ್ಲಿ ಹೆಪ್ಪುಗಟ್ಟುತ್ತದೆ, ಮತ್ತೆ ಚುಚ್ಚಬೇಕು. ನರ ಸಿಗದ ಮುದುಕರಿಗೆ, ಚಿಕ್ಕ ಮಕ್ಕಳಿಗೆ ಆ ಇನ್ನೊಂದು ಚುಚ್ಚು ಅಂದರೆ ಏನು ಅಂತ 31 ವರ್ಷ ನೋಡಿದವರು ನೀವು. ಎರಡು ದಿನದಲ್ಲಿ ಇದರ ಅರ್ಧವನ್ನಾದರೂ ಆ ಹುಡುಗರು ಕಲಿತಿರುತ್ತಾರೆ. ಕಲಿತದ್ದೆಲ್ಲ ಅವರ ತಲೆಯಲ್ಲೇ ಇದ್ದು, ಅವರ ಜೊತೆಗೇ ಬಸ್ ಹತ್ತಿ ಹೋಯಿತು.

ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ನನ್ನ ಸೋದರಮಾವ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ತೆಂಗು, ಅಡಿಕೆ ಇರುವ ನಮ್ಮ ಜಿಲ್ಲೆಗಳಲ್ಲಿ ಇಂಥವರು ಊರಿಗೆ ಒಬ್ಬರಾದರೂ ಸಿಗುತ್ತಾರೆ. ಮಾವ ಒಂಬತ್ತು ವರ್ಷ ಬದುಕಿದ್ದರು. ಬೆನ್ನು ಹುಣ್ಣಾಗಬಾರದು ಅಂತ ಗಾಳಿ ಹಾಸಿಗೆ ತಂದೆವು. ಅದರ ಪಂಪು ಒಂದು ಸಾಲು ಉಬ್ಬಿಸಿ ಇನ್ನೊಂದು ಸಾಲು ಇಳಿಸುತ್ತಾ ಇರುತ್ತದೆ, ಮೈಯ ಒಂದೇ ಜಾಗಕ್ಕೆ ಒತ್ತಡ ಬೀಳುವುದಿಲ್ಲ. ಒಳ್ಳೆಯ ಸಾಧನವೇ. ಆದರೆ ಜೂನ್‌ನಲ್ಲಿ ಗಾಳಿಮಳೆ ಶುರುವಾದರೆ ನಮ್ಮ ಕಡೆ ಕರೆಂಟ್ ಇಡೀ ರಾತ್ರಿ ಇರುವುದಿಲ್ಲ. ಪಂಪು ನಿಂತ ಮೇಲೆ ಹಾಸಿಗೆಯ ಗಾಳಿ ಮೆಲ್ಲ ಮೆಲ್ಲನೆ ಇಳಿದು, ಮಾವ ಮಂಚದ ಹಲಗೆಯ ಮೇಲೆ ಮಲಗಿದಂತೆಯೇ ಆಗುತ್ತಿತ್ತು. ಅತ್ತೆ ಗಡಿಯಾರಕ್ಕೆ ಅಲಾರಂ ಇಟ್ಟು ಎರಡೆರಡು ಗಂಟೆಗೊಮ್ಮೆ ಎದ್ದು ಅವರನ್ನು ಮಗ್ಗುಲು ಬದಲಿಸುತ್ತಿದ್ದರು. ಒಂಬತ್ತು ಮಳೆಗಾಲ. ಗಾಲಿಕುರ್ಚಿಯೂ ಇತ್ತು. ಅದು ಹೊಸ್ತಿಲು ದಾಟುತ್ತಿರಲಿಲ್ಲ. ಮುಂದಿನ ಸಣ್ಣ ಚಕ್ರ ಒದ್ದೆ ಅಂಗಳದಲ್ಲಿ ಹೂತುಹೋಗುತ್ತಿತ್ತು. ಬಚ್ಚಲು ಮನೆಯ ಹೊರಗೆ. "ಇದು ಆಸ್ಪತ್ರೆಯ ನೆಲಕ್ಕೆ ಮಾಡಿದ ಕುರ್ಚಿ, ನಮ್ಮ ಅಂಗಳಕ್ಕೆ ಮಾಡಿದ್ದಲ್ಲ" ಅಂತ ಮಾವ ಹೇಳುತ್ತಿದ್ದರು.

ಕರೆಂಟ್ ಹೋದಾಗ ಗಾಳಿಯನ್ನು ಒಳಗೇ ಹಿಡಿದಿಡುವ ಒಂದು ವಾಲ್ವ್, ಕೈಯಿಂದ ಒತ್ತುವ ಒಂದು ಸಣ್ಣ ಪಂಪು. ಇಷ್ಟಿದ್ದರೆ ಅತ್ತೆಗೆ ಎಷ್ಟೋ ಧೈರ್ಯ ಇರುತ್ತಿತ್ತು. ಇದನ್ನು ಮಾಡಲು ದೊಡ್ಡ ವಿಜ್ಞಾನಿ ಬೇಕಿಲ್ಲ. ಮಳೆಗಾಲದ ಒಂದು ರಾತ್ರಿ ನಮ್ಮ ಮನೆಯಲ್ಲಿ ಕಳೆದ ಒಬ್ಬ ವಿದ್ಯಾರ್ಥಿ ಸಾಕಿತ್ತು.

ವಿದ್ಯಾರ್ಥಿ ತಂಡಗಳಿಂದ ಏನೂ ಆಗುವುದಿಲ್ಲ ಅಂತ ಮಾತ್ರ ಅನ್ನಬೇಡಿ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಕ್ಲಾಸ್ ಪ್ರಾಜೆಕ್ಟ್ ಸಿಕ್ಕಿತು. ತೂಕ ಕಡಿಮೆಯಿರುವ ಶಿಶುಗಳನ್ನು ಬೆಚ್ಚಗಿಡಲು ಅಗ್ಗದ ಇನ್‌ಕ್ಯುಬೇಟರ್ ಮಾಡಬೇಕಿತ್ತು. ಅವರಲ್ಲಿ ಒಬ್ಬ ನೇಪಾಳಕ್ಕೆ ಹೋಗಿ ನೋಡಿದ. ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ನಿಂತಿದ್ದವು. ಶಿಶುಗಳು ಹಳ್ಳಿಗಳಲ್ಲಿ ಸಾಯುತ್ತಿದ್ದವು. ಅಲ್ಲಿಗೆ ಅವರ ಲೆಕ್ಕವೇ ಬದಲಾಯಿತು. ಕೊನೆಗೆ ಮಾಡಿದ್ದು ಮಗುವನ್ನು ಸುತ್ತುವ ಒಂದು ಚೀಲ. ಅದರೊಳಗೆ ಮೇಣದಂಥ ವಸ್ತುವಿನ ಪೊಟ್ಟಣ, ಒಮ್ಮೆ ಬಿಸಿ ಮಾಡಿದರೆ ಗಂಟೆಗಟ್ಟಲೆ 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಎಂಬ್ರೇಸ್ ಅಂತ ಹೆಸರು. ಆ ತಂಡ ಬೆಂಗಳೂರಿಗೇ ಬಂದು ನೆಲೆಸಿತು. ನಮ್ಮ ದೇಶದ ಒಬ್ಬ ತಾಯಿ ಅವರಿಗೆ ಹೇಳಿದ ಮಾತು ನನಗೆ ತುಂಬ ಇಷ್ಟ. ಇಂಗ್ಲಿಷ್ ಮದ್ದು ಬಹಳ ಖಾರ, ಡಾಕ್ಟರು ಒಂದು ಚಮಚ ಅಂದರೆ ನಾನು ಅರ್ಧ ಹಾಕುತ್ತೇನೆ, ಇದನ್ನೂ 37 ಅಂದರೆ 30ಕ್ಕೇ ನಿಲ್ಲಿಸುತ್ತೇನೆ ಅಂದರಂತೆ. ತಂಡದವರು ಅಂಕಿಯನ್ನೇ ತೆಗೆದುಹಾಕಿದರು. ಬಿಸಿ ಸರಿಯಾಗಿದೆ, ಇಲ್ಲ ಅಂತಷ್ಟೇ ತೋರಿಸುವ ಗುರುತು ಇಟ್ಟರು. ಕ್ಲಾಸಿನಲ್ಲಿ ಶುರುವಾದದ್ದು ಇಲ್ಲಿನ ಆಸ್ಪತ್ರೆಗಳಿಗೆ ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಕೋರ್ಸು ಮುಗಿದ ಮೇಲೂ ಅವರು ಬಿಡಲಿಲ್ಲ. ಎಲ್ಲರಿಗೂ ಹಾಗೆ ಜೀವನ ಮುಡಿಪಿಡಲು ಆಗುವುದಿಲ್ಲ, ಒಪ್ಪುತ್ತೇನೆ.

ಹಾಗಾದರೆ ಕೆಲಸ ಮುಂದುವರಿಯುವುದು ಹೇಗೆ? ಇದಕ್ಕೆ ನಿಮ್ಮ ಮೊಮ್ಮಗಳ ಊರಿನಲ್ಲೇ ಒಂದು ಪಾಠ ಇದೆ. ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿ ಡಾ. ಎಂ. ಎಸ್. ವಲಿಯತ್ತಾನ್. 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಹೃದಯದ ಶಸ್ತ್ರವೈದ್ಯರು. ಮಣಿಪಾಲಕ್ಕೆ ಬರುವ ಮೊದಲು ಅವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿದ್ದಾಗ, ಇಂಜಿನಿಯರ್ ಜಿ. ಎಸ್. ಭುವನೇಶ್ವರ್ ಮತ್ತು ಸಂಗಡಿಗರ ಜೊತೆ ನಮ್ಮ ದೇಶದ್ದೇ ಆದ ಕೃತಕ ಹೃದಯ ಕವಾಟ ಮಾಡಿದರು. ಹೊರದೇಶದ ಕವಾಟ ಕೊಳ್ಳಲು ಆಗದ ರೋಗಿಗಳನ್ನು ದಿನಾ ನೋಡುತ್ತಿದ್ದವರು ಅವರು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅಂದರೆ ಕವಾಟ ವರ್ಷಕ್ಕೆ ಮೂರೂವರೆ ಕೋಟಿ ಸಲ ತೆರೆದು ಮುಚ್ಚಬೇಕು, ಹಾಗೇ ವರ್ಷಗಟ್ಟಲೆ. ಮೊದಲ ಮಾದರಿ ಸೋತಿತು. ಎರಡನೆಯದೂ ಸೋತಿತು. ಮೂರನೆಯದರಲ್ಲಿ ನೀಲಮಣಿಯ ಬಿಲ್ಲೆ ಇತ್ತು, ಕುರಿಯೊಂದರ ಎದೆಯೊಳಗೆ ಅದು ಒಡೆಯಿತು. ನಾಲ್ಕನೆಯದಕ್ಕೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಹಾಕಿದರು. ಅದು ನಿಂತಿತು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಇವತ್ತಿಗೆ ಲಕ್ಷಕ್ಕೂ ಹೆಚ್ಚು ಕವಾಟಗಳು ರೋಗಿಗಳ ಎದೆಯಲ್ಲಿ ಕೂತಿವೆ. ಹತ್ತು ವರ್ಷಕ್ಕೂ ಮೀರಿದ ಕೆಲಸ ಅದು. ಮೂರನೆಯದು ಯಾಕೆ ಒಡೆಯಿತು ಅಂತ ಕೂತು ನೋಡಿದ್ದರಿಂದ ನಾಲ್ಕನೆಯದು ಬಂತು.

ನಿಮ್ಮ ಮೊಮ್ಮಗಳ ತಂಡಕ್ಕೆ ಹತ್ತು ವರ್ಷ ಇಲ್ಲ. ಎಂಟು ತಿಂಗಳು ಇದೆ. ಆ ಎಂಟು ತಿಂಗಳು ಮೊದಲನೆಯ ಮಾದರಿ ಅಂತ ತಿಳಿದುಕೊಳ್ಳಲಿ. ಅದು ಸೋಲಬಹುದು, ಸೋಲಲಿ. ಆದರೆ ಎಲ್ಲಿ, ಯಾವ ದಿನ, ಯಾರ ಕೈಯಲ್ಲಿ, ಹೇಗೆ ಸೋತಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಸರ್ಕ್ಯೂಟ್ ಚಿತ್ರ, ಕೋಡ್, ಯಾವ ಅಂಗಡಿಯಲ್ಲಿ ಯಾವ ಭಾಗ ಸಿಕ್ಕಿತು ಎಲ್ಲ ಇರಲಿ. ಸಿಸ್ಟರ್ ಬೈದ ಮಾತೂ ಇರಲಿ. ಹೋಗುವ ಮೊದಲು ಜೂನಿಯರ್ ಇಬ್ಬರನ್ನು ಕೂರಿಸಿಕೊಂಡು ಅದನ್ನು ಒಪ್ಪಿಸಲಿ. ಯಕ್ಷಗಾನ ಮೇಳದಲ್ಲಿ ವೇಷಧಾರಿಗಳು ಬದಲಾಗುತ್ತಾರೆ, ಮೇಳ ತಿರುಗಾಟಕ್ಕೆ ಹೊರಡುವುದು ನಿಲ್ಲುವುದಿಲ್ಲ. ಹೊಸ ಹುಡುಗ ಹಿರಿಯ ಕಲಾವಿದರ ಹೆಜ್ಜೆಯನ್ನು ಬಣ್ಣ ಹಚ್ಚುವ ಚೌಕಿಯಲ್ಲಿ ನೋಡಿ, ರಂಗದಲ್ಲಿ ನೋಡಿ ಕಲಿಯುತ್ತಾನೆ. ಪ್ರಾಜೆಕ್ಟುಗಳೂ ಹಾಗೆ ನಡೆಯಬೇಕು.

ಇದರಲ್ಲಿ ಕಾಲೇಜುಗಳ ಪಾಲೂ ಇದೆ. ಸೀನಿಯರ್‌ಗಳ ಕೆಲಸ ಮುಂದುವರಿಸಿದರೆ ಹೊಸತನ ಇಲ್ಲ ಅಂತ ಮಾರ್ಕ್ ಕಡಿಮೆ ಮಾಡುವವರಿದ್ದಾರೆ. ಇದು ನಿಲ್ಲಬೇಕು. ಮೂರನೆಯ ತಂಡದ ಕೈಯಲ್ಲಿ ಸರಿಹೋದ ಯಂತ್ರಕ್ಕೆ ಮಾರ್ಕ್ ಜಾಸ್ತಿ ಸಿಗಬೇಕು. ವೈವಾದ ದಿನ ನಿಮ್ಮಂಥ ಒಬ್ಬ ನರ್ಸ್ ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳಬೇಕು. "ಇದನ್ನು ಸ್ಪಿರಿಟ್ ಹಾಕಿ ಒರೆಸಬಹುದಾ?" ಅನ್ನುವ ಒಂದು ಪ್ರಶ್ನೆ ಸಾಕು, ಅರ್ಧ ಪ್ರಾಜೆಕ್ಟುಗಳು ಮತ್ತೆ ಲ್ಯಾಬಿಗೆ ಹೋಗುತ್ತವೆ.

ಒಂದು ಎಚ್ಚರಿಕೆಯನ್ನೂ ಅವಳಿಗೆ ಹೇಳಿ. ರೋಗಿಯ ಮೇಲೆ ಏನನ್ನೇ ಪರೀಕ್ಷಿಸುವ ಮೊದಲು ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಯ ಒಪ್ಪಿಗೆಯೂ ಬೇಕು. ನಿಮ್ಮ ವಾರ್ಡಿನಲ್ಲಿ ಎರಡು ದಿನ ಇಟ್ಟು ಹೋದರಲ್ಲ, ಅದನ್ನು ಓದಿ ನನಗೆ ಸ್ವಲ್ಪ ಭಯವೇ ಆಯಿತು. ಮಾರಾಟಕ್ಕೆ ತರುವುದಾದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ನಾಲಿಗೆ ಒತ್ತುವ ಕಡ್ಡಿ ಕೆಳಗಿನ ವರ್ಗ, ಹೃದಯದ ಕವಾಟ ಎಲ್ಲಕ್ಕಿಂತ ಮೇಲಿನದು. ತಮ್ಮದು ಯಾವ ವರ್ಗ ಅಂತ ಮೊದಲ ತಿಂಗಳಲ್ಲೇ ತಿಳಿದುಕೊಂಡರೆ ಒಳ್ಳೆಯದು. ಇದನ್ನು ಕಾಟ ಅಂದುಕೊಳ್ಳಬಾರದು. ಈ ಸಾಧನ ನಮ್ಮ ಅಮ್ಮನ ಕೈಗೆ ಕಟ್ಟುವುದಾದರೆ ನಾವು ಏನೇನು ಕೇಳುತ್ತಿದ್ದೆವೋ ನಿಯಮ ಕೇಳುವುದೂ ಅದನ್ನೇ.

ನಮ್ಮ ಕರಾವಳಿಯಷ್ಟು ಅನುಕೂಲ ಇರುವ ಜಾಗ ಕಡಿಮೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಾಲೇಜಿನಿಂದ ಕಸ್ತೂರ್ಬಾ ಆಸ್ಪತ್ರೆಗೆ ನಡೆದೇ ಹೋಗಬಹುದು. ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನ ಎದುರು ಬಸ್ ಹತ್ತಿದರೆ ಮಂಗಳೂರಿನ ವೆನ್ಲಾಕ್‌ಗೆ ಒಂದು ಗಂಟೆಯ ದಾರಿ. ವೆನ್ಲಾಕ್ 1848ರಷ್ಟು ಹಳೆಯ ಆಸ್ಪತ್ರೆ, ಸುತ್ತಲಿನ ಎಷ್ಟೋ ಜಿಲ್ಲೆಗಳ ಬಡವರು ಬರುವ ಜಾಗ. ಹೆರಿಗೆಗೆ ಲೇಡಿಗೋಷನ್ ಇದೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಇದೆ. ಇಲ್ಲಿ ಸಾಧನ ಗೆದ್ದರೆ ಎಲ್ಲಿಯೂ ಗೆಲ್ಲುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಮಳೆ, ಉಪ್ಪು ಗಾಳಿ, ಬೆವರು. ಏಪ್ರಿಲ್‌ನಲ್ಲಿ ಹೊಳೆಯುವ ತಾಮ್ರದ ಪಿನ್ನು ಆಗಸ್ಟ್‌ಗೆ ಹಸಿರು ಹಿಡಿದಿರುತ್ತದೆ. ಯಂತ್ರವನ್ನು ಒಂದು ಮಳೆಗಾಲ ಅಡುಗೆಮನೆಯಲ್ಲಿ ಇಟ್ಟು ನೋಡಲಿ, ಸಾಕು.

ಅಕ್ಕ, ನಿಮ್ಮಲ್ಲಿ ಒಂದು ಕೆಲಸ ಕೇಳುತ್ತೇನೆ. ಮುಂದಿನ ರಜೆಗೆ ಮೊಮ್ಮಗಳು ಬಂದಾಗ ಅವಳ ಗೆಳತಿಯರನ್ನೂ ಕರೆಯಿರಿ. ಚಾವಡಿಯಲ್ಲಿ ಒಂದು ಹಳೆಯ ಡ್ರಿಪ್ ಸೆಟ್ಟು, ಒಂದು ಬಾಟ್ಲಿ ನೀರು ತೂಗುಹಾಕಿ, ಕೆಳಗೆ ಬಕೆಟ್ ಇಡಿ. ರಾತ್ರಿಯಿಡೀ ಅವರನ್ನು ಕೂರಿಸಿ. ಹನಿ ಯಾವಾಗ ನಿಧಾನವಾಯಿತು, ಯಾವಾಗ ಅವರಿಗೆ ಕಣ್ಣು ಎಳೆಯಿತು ಅಂತ ಬರೆಯಲಿ. ನೈಟ್ ಡ್ಯೂಟಿಯಲ್ಲಿ ನಿಮಗೆ ಅತಿ ಹೆಚ್ಚು ತೊಂದರೆ ಕೊಟ್ಟದ್ದು ಯಾವುದು ಅಂತ ನೀವು ಹೇಳುತ್ತಾ ಹೋಗಿ. ಅದು ಡ್ರಿಪ್ ಆಗಿರಲಿಕ್ಕಿಲ್ಲ, ನಾವು ಯಾರೂ ಊಹಿಸದ ಬೇರೆ ಯಾವುದೋ ಇರಬಹುದು. ಆ ಪಟ್ಟಿಯ ಒಂದು ಪ್ರತಿ ನಮಗೂ ಕಳಿಸಿ. ಎಷ್ಟೇ ಉದ್ದವಿದ್ದರೂ ಪೂರ್ತಿ ಅಚ್ಚು ಹಾಕುತ್ತೇನೆ. ಆ ಸಂಚಿಕೆಯನ್ನು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಇಂಜಿನಿಯರಿಂಗ್ ಕಾಲೇಜುಗಳಿಗೆ ತಲುಪಿಸುವುದು ನನ್ನ ಜವಾಬ್ದಾರಿ.