ಹುಲಿ ಕಾಡಿನೊಳಗಿನ ಮನೆ ಬಿಟ್ಟರೆ ಮಗನಿಗೂ ಪರಿಹಾರ ಇದೆಯಾ?

ನಿಮ್ಮ ಮಾವನವರ ಮನೆ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ, ಹೊರಗೆ ಬಂದರೆ ಸಿಗುವ 15 ಲಕ್ಷ ರೂಪಾಯಿ ಪರಿಹಾರ ಇಡೀ ಮನೆಗಾ ಅಥವಾ ಮಗನಿಗೂ ಬೇರೆ ಸಿಗುತ್ತಾ ಅಂತ ಕೇಳಿದ್ದೀರಿ. ಈ ಮೊತ್ತ ಒಂದೊಂದು ಕುಟುಂಬಕ್ಕೆ; ಮಗನಿಗೆ 18 ತುಂಬಿದ್ದರೆ ಅವನದು ಪ್ರತ್ಯೇಕ ಕುಟುಂಬ ಅಂತಲೇ ಲೆಕ್ಕ. ಮದುವೆ ಆಗಿರಲೇಬೇಕು ಅಂತೇನಿಲ್ಲ. ಹಾಗಾಗಿ ಹೊರಬರುವ ಕುಟುಂಬಗಳ ಸರ್ವೆ ಪಟ್ಟಿಯಲ್ಲಿ ಅವನ ಹೆಸರು ಬೇರೆಯಾಗಿ ಬಂದಿದೆಯಾ ನೋಡಿ. ಆಧಾರ್, ವಯಸ್ಸಿನ ದಾಖಲೆ ಈಗಲೇ ತೆಗೆದಿಡಿ. ಆಮೇಲೆ ಸೇರಿಸೋದು ಸುಮ್ನೆ ಓಡಾಟ.

ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಆಯಿತು. ಹುಲಿ ಯೋಜನೆಯ ದುಡ್ಡು ಇದು, ಕೇಂದ್ರ ಮತ್ತು ರಾಜ್ಯ ಎರಡೂ ಹಾಕುತ್ತವೆ.

ಪೂರ್ತಿ ನಗದು ತಗೊಳ್ಳಬಹುದು, ಇಲ್ಲವೇ ಅದೇ ಮೊತ್ತದಲ್ಲಿ ಅರಣ್ಯ ಇಲಾಖೆ ಜಮೀನು, ಮನೆ, ರಸ್ತೆ ಮಾಡಿಕೊಡುತ್ತದೆ. ಬೇಸಾಯ ಬಲ್ಲವರಾದರೆ ನನ್ನ ಮತ ಜಮೀನಿಗೆ. ಕೈಗೆ ಬಂದ ನಗದು ನೆಂಟರಿಷ್ಟರ ನಡುವೆ ಕರಗೋದು ಗೊತ್ತಲ್ವಾ! ಚಿಕ್ಕಮಗಳೂರು ಕಡೆಯ ಭದ್ರಾ ಹುಲಿ ಕಾಡಿನಿಂದ 2002ರ ಹೊತ್ತಿಗೆ ಹೊರಬಂದವರಲ್ಲಿ ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನೇ ಸಿಕ್ಕಿತು. ಮಾವನವರನ್ನು ಅಲ್ಲಿಗೊಮ್ಮೆ ಕರ್ಕೊಂಡು ಹೋಗಿ, ಅಲ್ಲಿನವರನ್ನೇ ಮಾತಾಡಿಸಲಿ.

ಇನ್ನೊಂದು, ಯಾರೂ ಬಲವಂತ ಮಾಡುವಂತಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ (ಕಾಡಿನಲ್ಲಿ ನೆಲೆಸಿದವರಿಗೆ ಜಮೀನಿನ ಹಕ್ಕು ಕೊಡುವ ಕಾನೂನು) ಹಾಕಿದ ಅರ್ಜಿ ಬಾಕಿ ಇದ್ದರೆ ಅದು ಮೊದಲು ತೀರ್ಮಾನ ಆಗಬೇಕು, ಗ್ರಾಮಸಭೆಯ ಒಪ್ಪಿಗೆಯೂ ಬೇಕು. ಅಲ್ಲಿವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ ಅನ್ನಿ.