ಕನ್ನಡಿ ಮುಂದೆ ನಿಂತವನು ನಿಮ್ಮನ್ನ ನೋಡ್ತಿಲ್ಲ ಸಾರ್

ತುಮಕೂರಿನ ಓದುಗರೇ, ನಿಮ್ಮ ಪತ್ರ ಓದಿ ಆಫೀಸಲ್ಲಿ ಎಲ್ರೂ ನಕ್ಕಿದ್ದು ನಿಜ, ಬೇಜಾರಾಗ್ಬೇಡಿ, ನಕ್ಕಿದ್ದು ನಿಮ್ಮನ್ನಲ್ಲ, ನೀವು ಕಳಿಸಿರೋ ಪಟ್ಟಿ ನೋಡಿ. 44ನೇ ವಯಸ್ಸಲ್ಲಿ ಜಿಮ್ ಸೇರಿದ್ದೀರಿ, ಆರು ವಾರ ಆಗಿದೆ, ವರ್ಷದ ಫೀಸ್ ಒಟ್ಟಿಗೇ ಕಟ್ಬಿಟ್ಟಿದ್ದೀರಿ (ಮೂರು ತಿಂಗಳದ್ದು ಕಟ್ಟಿದ್ರೆ ಸಾಕಿತ್ತು, ಇರ್ಲಿ). ಅಲ್ಲೊಬ್ಬ ಒಂದೊಂದು ಸುತ್ತು ಕಸರತ್ತಿಗೂ ಒಂದೊಂದು ಸೆಲ್ಫಿ ತಗೊಳ್ತಾನೆ, ಇನ್ನೊಬ್ಬ ಭಾರ ಎತ್ತುವಾಗ ಊರೆಲ್ಲ ಕೇಳೋ ಹಂಗೆ ಕೂಗ್ತಾನೆ, ಮತ್ತೊಬ್ಬರು ಟ್ರೆಡ್‌ಮಿಲ್ ಮೇಲೆ ನಿಂತು ಸೈಟ್ ವ್ಯಾಪಾರ ಮಾತಾಡ್ತಾರೆ, ಇವರ ಮಧ್ಯೆ ನನಗೇನು ಕೆಲಸ, ಇದಕ್ಕಿಂತ ತಾತನ ಕಾಲದ ಗರಡಿ ಎಷ್ಟೋ ಪವಿತ್ರ, ಬಿಟ್ಬಿಡ್ಲಾ ಅಂತ ಕೇಳಿದ್ದೀರಿ.

ಗರಡಿ ವಿಷಯ ಮೊದಲು. ನಾನು ಮೈಸೂರಿನವನು, ಗರಡಿ ಪಕ್ಕದ ಬೀದೀಲೇ ಬೆಳೆದವನು. ಕೆಮ್ಮಣ್ಣಿನ ಮಟ್ಟಿ, ಗೋಡೇಲಿ ಆಂಜನೇಯ, ಕೈ ಮುಗಿದೇ ಒಳಗೆ ಹೋಗ್ಬೇಕು, ಉಸ್ತಾದ್ ಹೇಳಿದಷ್ಟು ಬಸ್ಕಿ ಹೊಡೀಲೇಬೇಕು, ಅದೆಲ್ಲ ಸರಿ. ಆದ್ರೆ ಶೋಕಿ ಇರ್ಲಿಲ್ಲ ಅಂತ ಯಾರು ಹೇಳಿದ್ದು ನಿಮಗೆ? ಸಾಮು ಮುಗಿಸಿ ಎದೆ ಮುಂದೆ ಮಾಡ್ಕೊಂಡು, ತೋಳು ಮೈಗೆ ತಾಗದ ಹಂಗೆ ಅಗಲಿಸ್ಕೊಂಡು ಬೀದೀಲಿ ನಡೆಯೋ ಪೈಲ್ವಾನರನ್ನ ನೋಡೋಕೇ ನಾವು ಹುಡುಗರು ಜಗಲಿ ಮೇಲೆ ಕೂರ್ತಿದ್ವಿ. ಫೋನ್ ಇರ್ಲಿಲ್ಲ ಅಷ್ಟೆ.

ಫೋಟೋ ಹುಚ್ಚೂ ಹೊಸದಲ್ಲ. ಬೆಂಗಳೂರಲ್ಲಿ ವ್ಯಾಯಾಮಶಾಲೆ ಕಟ್ಟಿದ ಕೆ. ವಿ. ಅಯ್ಯರ್ ಗೊತ್ತಲ್ಲ, ನೂರು ವರ್ಷದ ಹಿಂದೇನೇ ಲಂಗೋಟಿ ಕಟ್ಟಿ, ಮಾಂಸಖಂಡ ಎದ್ದು ಕಾಣೋ ಹಂಗೆ ಪೋಸ್ ಕೊಟ್ಟು ಫೋಟೋ ತೆಗೆಸ್ಕೊಂಡವರು, ಅಂಚೆ ಮೂಲಕ ಕಸರತ್ತಿನ ಪಾಠ ಕಳಿಸ್ತಿದ್ದರು, ಅಂದ್ರೆ ಇವತ್ತಿನ ಆನ್‌ಲೈನ್ ಕೋಚಿಂಗೇ ಅನ್ಕೊಳ್ಳಿ. ಅದೇ ಮನುಷ್ಯ ಹೊಯ್ಸಳರ ಶಾಂತಲೆ ಮೇಲೆ ದೊಡ್ಡ ಕಾದಂಬರಿ ಬರೆದರು, ನಾಟಕ ಆಡಿಸಿದರು. ನಿಮ್ಮ ಪಟ್ಟೀಲಿ ಅವರನ್ನ ಯಾವ ಕಾಲಮ್ಮಿಗೆ ಹಾಕ್ತೀರಿ?

ಇನ್ನು ಕೂಗೋ ಹುಡುಗ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದ್ರೆ ಬಿಪಿ ಸರ್ರನೆ ಏರತ್ತೆ, ಅದಕ್ಕೇ ಎತ್ತೋವಾಗ ಉಸಿರು ಬಿಡಿ ಅಂತಾರೆ, ಅವನ ಸದ್ದಲ್ಲಿ ಅರ್ಧ ಅದು, ಇನ್ನರ್ಧ ನಾಟಕ, ಒಪ್ತೀನಿ. ನೀವೂ ಉಸಿರು ಬಿಡೋದು ಕಲೀರಿ, ಕೂಗೋದು ಬೇಡ. ನನಗೆ ನಿಜ್ವಾಗ್ಲೂ ಆಗದವರು ಬೇರೆ, ಕಾಲಿನ ಕಸರತ್ತು ಅಂತ ಹೆಗಲ ಮೇಲೆ ನೂರು ಕೆಜಿ ಹೊತ್ತು ಒಂದು ಗೇಣು ಮಾತ್ರ ಬಗ್ಗಿ ಮೇಲೇಳೋರು, ಆಮೇಲೆ ಆ ತೂಕದ ಪ್ಲೇಟುಗಳನ್ನ ಕಬ್ಬಿಣದ ಬಾರಲ್ಲೇ ಬಿಟ್ಟು ಹೋಗೋರು. ಅವರಿಗೆ ಕ್ಷಮೆ ಇಲ್ಲ.

ನಿಮ್ಮ ಪಟ್ಟೀಲಿ ಒಬ್ಬರು ಬಿಟ್ಟೋಗಿದ್ದಾರೆ. ನಮ್ಮ ಜಿಮ್ಮಿಗೆ ಹನ್ನೊಂದು ಗಂಟೆ ಹೊತ್ತಿಗೆ, ಮನೆಯವರಿಗೆಲ್ಲ ಡಬ್ಬಿ ಕಟ್ಟಿ ಕಳಿಸಿ, ಚೂಡಿದಾರಲ್ಲೇ ಒಬ್ಬರು ಅಮ್ಮ ಬರ್ತಾರೆ, ಅರವತ್ತರ ಹತ್ತಿರ. ಮುಟ್ಟು ನಿಂತ ಮೇಲೆ ಮೂಳೆ ಸವೆಯತ್ತೆ, ಭಾರ ಎತ್ತಿದ್ರೆ ಒಳ್ಳೇದು ಅಂತ ಡಾಕ್ಟರ್ ಹೇಳಿದ್ದಾರಂತೆ. ಮೊದಲು ಬರೀ ಇಪ್ಪತ್ತು ಕೆಜಿ ಬಾರ್ ಎತ್ತೋಕೂ ಭಯ ಪಡ್ತಿದ್ರು, ಈಗ ಎರಡೂ ಕಡೆ ಹತ್ತತ್ತು ಹಾಕ್ಕೊಂಡು ನೆಲದಿಂದ ಎತ್ತಿ, ಸದ್ದಾಗದ ಹಂಗೆ ಇಳಿಸ್ತಾರೆ. ಬೆನ್ನು ಬಗ್ಗಿಸ್ಬೇಡಿ ಆಂಟಿ ಅಂತ ಅವರಿಗೆ ದಿನಾ ಪಕ್ಕದಲ್ಲಿ ನಿಂತು ಹೇಳ್ಕೊಟ್ಟಿದ್ದು ಯಾರು ಅನ್ಕೊಂಡ್ರಿ, ನಮ್ಮ ಜಿಮ್ಮಿನ ಸೆಲ್ಫಿ ಹುಡುಗನೇ!

ಅಪ್ಪು 46ಕ್ಕೇ ಹೋದಾಗಿಂದ ನಿಮ್ಮ ಮನೆಯವರಿಗೆ ಜಿಮ್ ಅಂದ್ರೆ ಭಯ ಅಂತ ಬರೆದಿದ್ದೀರಿ. 2021ರ ಆ ಅಕ್ಟೋಬರ್ 29 ಮರೆಯೋದು ಯಾರಿಗೂ ಆಗಲ್ಲ, ಆಮೇಲೆ ಜಯದೇವ ಆಸ್ಪತ್ರೇಲಿ ಹಾರ್ಟ್ ತೋರಿಸ್ಕೊಳ್ಳೋಕೆ ಜನ ಸಾಲುಗಟ್ಟಿದ್ದೂ ನೆನಪಿದೆ. ಮನೆಯವರ ಭಯಾನ ತಳ್ಳಿಹಾಕ್ಬೇಡಿ. ಬಿಪಿ, ಶುಗರ್, ಇಸಿಜಿ ಮಾಡಿಸಿ ಡಾಕ್ಟರ್ ಹತ್ರ ಮಾತಾಡಿ, ಎದೇಲಿ ಒತ್ತಿದ ಹಂಗಾದ್ರೆ ಗ್ಯಾಸ್ ಅಂತ ಸೋಡಾ ಕುಡೀತಾ ಕೂರ್ಬೇಡಿ, ತಕ್ಷಣ ಆಸ್ಪತ್ರೆ.

ಬಿಡೋ ಮಾತು ಸದ್ಯಕ್ಕೆ ಬೇಡ, ಹೇಗೂ ದುಡ್ಡು ವಾಪಸ್ ಬರಲ್ಲ. ನಾಳೆ ಹೋದಾಗ ಆ ಕೂಗೋ ಹುಡುಗನ್ನ, ನನ್ನ ಬೆನ್ನು ಸರಿ ಇದ್ಯಾ ನೋಡಪ್ಪ ಅಂತ ಕೇಳಿ. ಏನಂದ ಅಂತ ಬರೀರಿ, ಮುಂದಿನ ಸಂಚಿಕೇಲಿ ಹಾಕ್ತೀವಿ.

— ಸಂ.