ಲಿಫ್ಟ್ ಹೊರಟಾಗಲೆಲ್ಲ ಅಲಾರಂ ಕೂಗಿದರೆ

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಬೆಂಕಿ ಮತ್ತು ಕಳವಿನ ಎಚ್ಚರಿಕೆ ಕೊಡುವ ಅಲಾರಂ ಪ್ಯಾನೆಲ್ ವಾಚ್‌ಮನ್ ಕೋಣೆಯಲ್ಲಿದೆ. ಲಿಫ್ಟ್ ಹೊರಟಾಗ, ಕೆಲವೊಮ್ಮೆ ವಾಚ್‌ಮನ್ ವಾಕಿಟಾಕಿಯಲ್ಲಿ ಮಾತನಾಡಿದಾಗಲೂ, ಕಾರಣವಿಲ್ಲದೆ ಸೈರನ್ ಮೊಳಗುತ್ತದೆ. ಅರ್ಥಿಂಗ್ ತಂತಿ ತೆಗೆದರೆ ಸರಿಹೋಗುತ್ತದೆಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಸಮಿತಿಯವರು ಪ್ಯಾನೆಲನ್ನೇ ಬದಲಿಸಲು ಹೊರಟಿದ್ದಾರೆ. ಯಾವುದು ಸರಿ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಎರಡೂ ಸರಿಯಲ್ಲ. ಅರ್ಥಿಂಗ್ ತಂತಿಯನ್ನು ಯಾವ ಕಾರಣಕ್ಕೂ ತೆಗೆಸಬೇಡಿ. 230 ವೋಲ್ಟ್ ಒಳಬರುವ ಲೋಹದ ಪೆಟ್ಟಿಗೆಯನ್ನು ದಿನವಿಡೀ ಮುಟ್ಟುವ ವಾಚ್‌ಮನ್‌ರ ಜೀವಕ್ಕೆ ಅದೇ ರಕ್ಷಣೆ. ಇನ್ನು ಪ್ಯಾನೆಲ್ ಬದಲಿಸಿದರೂ, ಹಳೆಯ ತಂತಿಗಳೇ ಉಳಿದರೆ, ಹೊಸದೂ ಹೀಗೆಯೇ ಕೂಗುವ ಸಂಭವ ಹೆಚ್ಚು. ಏಕೆಂದರೆ ಮಹಡಿಮಹಡಿಗೆ ಹೋಗುವ ಸೆನ್ಸರ್ ತಂತಿಗಳು ಉದ್ದವಾದ ಆಂಟೆನಾದಂತೆ ವಾಕಿಟಾಕಿಯ ಅಲೆಗಳನ್ನೂ, ಪಕ್ಕದಲ್ಲೇ ಸಾಗುವ ಲಿಫ್ಟ್ ಕೇಬಲ್ಲಿನ ಏರಿಳಿತಗಳನ್ನೂ ಹಿಡಿದು ಪ್ಯಾನೆಲ್‌ಗೆ ತಲುಪಿಸುತ್ತವೆ.

ಹಾಗಾಗಿ ತೊಂದರೆ ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆಹಚ್ಚಬೇಕು. ನಿವಾಸಿಗಳಿಗೂ ಅಲಾರಂ ಸಂದೇಶ ತಲುಪುವ ನಿಗಾ ಕೇಂದ್ರಕ್ಕೂ ಮುಂಚಿತವಾಗಿ ತಿಳಿಸಿ, ಅಲಾರಂ ತಂತ್ರಜ್ಞರನ್ನು ಕರೆಸಿ, ಅರ್ಥಿಂಗ್ ಹಾಗೆಯೇ ಇರುವಂತೆ ಪ್ಯಾನೆಲಿನ ಮೇನ್ಸ್ ಸ್ವಿಚ್ ಮಾತ್ರ ಆರಿಸಿ, ಬ್ಯಾಟರಿಯ ಮೇಲೆ ನಡೆಸುತ್ತಾ ಲಿಫ್ಟನ್ನು ಹಲವು ಬಾರಿ ಓಡಿಸಿ. ಸುಳ್ಳು ಎಚ್ಚರಿಕೆ ನಿಂತರೆ ತೊಂದರೆ ವಿದ್ಯುತ್ ಪೂರೈಕೆಯ ಕಡೆಯಿಂದ ಬರುತ್ತಿದೆ ಎಂದು ತಿಳಿಯಬಹುದು. ಆಗ ಪ್ಯಾನೆಲ್‌ಗೆ ಪ್ರತ್ಯೇಕ ಸರ್ಕ್ಯೂಟ್, ಲೈನ್ ಫಿಲ್ಟರ್ (ವಿದ್ಯುತ್ತಿನ ಜೊತೆ ಬರುವ ಅಡಚಣೆಯನ್ನು ಸೋಸುವ ಸಾಧನ) ಮತ್ತು ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ ಏರಿದರೆ ತಡೆಯುವ ಸಾಧನ) ಕೊಡಿಸಬೇಕು. ನಿಲ್ಲದಿದ್ದರೆ, ಕೂಗುವ ಝೋನಿನ (ಒಂದೇ ಸಾಲಿಗೆ ಸೇರಿದ ಸೆನ್ಸರ್‌ಗಳ ಗುಂಪಿನ) ತಂತಿಗಳನ್ನು ಬಿಡಿಸಿ, ತಂತಿ ತುಂಡಾಗಿಲ್ಲವೆಂದು ಪ್ಯಾನೆಲ್‌ಗೆ ತಿಳಿಸಲು ಅದರ ಕೊನೆಯಲ್ಲಿ ಕಟ್ಟಿರುವ ಎಂಡ್ ಆಫ್ ಲೈನ್ ರೆಸಿಸ್ಟರನ್ನು ನೇರವಾಗಿ ಪ್ಯಾನೆಲಿನ ಟರ್ಮಿನಲ್‌ಗೇ ಕಟ್ಟಿ ನೋಡಲಿ. ಈಗ ಶಾಂತವಾದರೆ ದೋಷ ಆ ಕೇಬಲ್ಲಿನದೇ. ಪರೀಕ್ಷೆ ಮುಗಿದೊಡನೆ ರೆಸಿಸ್ಟರ್ ತಂತಿಯ ಕೊನೆಗೆ ಮರಳಲೇಬೇಕು, ಇಲ್ಲವಾದರೆ ಮೇಲಿನ ಮಹಡಿಯಲ್ಲಿ ತಂತಿ ತುಂಡಾದರೂ ಪ್ಯಾನೆಲ್‌ಗೆ ಗೊತ್ತಾಗುವುದಿಲ್ಲ.

ಮುಂಬಯಿ ಸುತ್ತಲಿನ ಹಳೆಯ ಕಟ್ಟಡಗಳಲ್ಲಿ ಜಾಗವಿಲ್ಲವೆಂದು ಎಲ್ಲ ತಂತಿಗಳನ್ನೂ ಒಂದೇ ಡಕ್ಟಿನಲ್ಲಿ (ತಂತಿಗಳು ಸಾಗುವ ಕೊಳವೆಯಂಥ ದಾರಿಯಲ್ಲಿ) ಇಳಿಸಿರುತ್ತಾರೆ, ಬಹುಪಾಲು ತೊಂದರೆ ಅಲ್ಲಿಯೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಸೆನ್ಸರ್ ಕೇಬಲ್ ವಿದ್ಯುತ್ ಕೇಬಲ್ಲಿನಿಂದ ಸಾಧ್ಯವಾದರೆ 30 ಸೆಂಟಿಮೀಟರ್ ದೂರದಲ್ಲಿ ಸಾಗಲಿ, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಲಿ. ಜೋಡಿ ತಂತಿ ಹೆಣೆದ ಶೀಲ್ಡೆಡ್ ಕೇಬಲ್ ಹಾಕಿಸಿ, ಅದರ ಶೀಲ್ಡನ್ನು (ತಂತಿಗಳ ಸುತ್ತಲಿನ ಲೋಹದ ಹೊದಿಕೆಯನ್ನು) ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿಸಿ. ಎರಡೂ ತುದಿಗೆ ಕಟ್ಟಿದರೆ ಶೀಲ್ಡಿನಲ್ಲೇ 50 ಹರ್ಟ್ಸ್ ಪ್ರವಾಹ ಹರಿಯಲು ದಾರಿಯಾಗುತ್ತದೆ. ವಾಕಿಟಾಕಿಯ ತೊಂದರೆಗೆ, ಕೇಬಲ್ ಪ್ಯಾನೆಲ್ ಪ್ರವೇಶಿಸುವಲ್ಲಿ ಫೆರೈಟ್ ಕೋರ್ (ರೇಡಿಯೋ ಅಲೆಗಳನ್ನು ತಡೆಯುವ ಬಳೆ) ಹಾಕಿಸಿ, ಪೆಟ್ಟಿಗೆಯ ಬಾಗಿಲು ಸದಾ ಮುಚ್ಚಿರಲಿ. ಪ್ಯಾನೆಲ್ ಪಕ್ಕದಲ್ಲೇ ನಿಂತು ಮಾತನಾಡದಂತೆ ವಾಚ್‌ಮನ್‌ಗೂ ತಿಳಿಸಿ.

ಲಿಫ್ಟಿನ ಕಾಂಟ್ಯಾಕ್ಟರ್ (ಮೋಟಾರಿಗೆ ವಿದ್ಯುತ್ ಹಾಯಿಸುವ ಸ್ವಿಚ್) ಕಾಯಿಲ್‌ಗಳಿಗೆ ಅವು ಆರಿದಾಗ ಏಳುವ ವೋಲ್ಟೇಜ್ ಜಿಗಿತವನ್ನು ತಗ್ಗಿಸುವ ಸಪ್ರೆಸರ್ ಜೋಡಿಸುವ ಕೆಲಸವನ್ನು ಲಿಫ್ಟ್ ಕಂಪನಿಯವರೇ ಮಾಡಲಿ. ಕರಾವಳಿಯ ತೇವದಲ್ಲಿ ಅರ್ಥಿಂಗ್ ಕ್ಲಾಂಪ್‌ಗಳು ಬೇಗ ತುಕ್ಕು ಹಿಡಿಯುವುದರಿಂದ ಮಳೆಗಾಲಕ್ಕೆ ಮುನ್ನ ಅರ್ಥಿಂಗಿನ ರೋಧವನ್ನು ಅಳತೆ ಮಾಡಿಸಿ. ಎಲ್ಲ ಮುಗಿದ ಮೇಲೆ ಲಿಫ್ಟ್ ಓಡುತ್ತಿರುವಾಗಲೇ ಪ್ರತಿ ಡಿಟೆಕ್ಟರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಸೊಸೈಟಿಯ ರಿಜಿಸ್ಟರಿನಲ್ಲಿ ಬರೆಸಿಡಿ.